ಬೂಟಿನೊಳಗೆ ಗೋರಂಟಿ

ಮೋಟಾರ್ ಸೈಕಲ್ ಹತ್ತುವವನ ಕಾಲಲ್ಲಿ ಬೂಟಿರಲೇಬೇಕು ಎನ್ನುವುದು ನಮ್ಮ ಸಾಹುಕಾರರ ಹಟ. ಪೆಟ್ರೋಲು ಚೀಟಿಯ ಮೇಲೆ ಸಿಗುತ್ತಿದ್ದ ಯುದ್ಧದ ವರ್ಷಗಳು. ಹುಣಸೂರಿನಲ್ಲಿ ಅವರದು ಹೊಗೆಸೊಪ್ಪಿನ ವ್ಯಾಪಾರ. ಪಿರಿಯಾಪಟ್ಟಣ, ಕೋಟೆ ಕಡೆಯ ಹಳ್ಳಿಗಳಲ್ಲಿ ಬೆಂಕಿಯ ಕಾವಿನಲ್ಲಿ ಯಾರ ಸೊಪ್ಪು ಹೇಗೆ ಬೆಂದಿದೆ ಎಂದು ನೋಡಿ ಬಂದು ಹೇಳುವುದು ನನ್ನ ಕೆಲಸ. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವನು ನಾನು. ಆದರೂ ತಿರುಗಾಟಕ್ಕೆಂದು ಅವರು ಕೊಟ್ಟಿದ್ದ ಗಾಡಿಯನ್ನು ಬಿಚ್ಚಿ ಜೋಡಿಸುವುದನ್ನು ಯಾರ ಹಂಗೂ ಇಲ್ಲದೆ ಕಲಿತಿದ್ದೆ. ಅದನ್ನು ಇನ್ನೊಬ್ಬನ ಕೈಗೆ ಕೊಡುವ ಮಾತೇ ಇರಲಿಲ್ಲ.

ಆದರೆ ಸೊಪ್ಪು ಬೇಯುವ ಕಾಲವೂ ಮಳೆಯ ಕಾಲವೂ ಒಂದೇ. ಹಳ್ಳ ದಾಟುವಾಗ ಬೂಟಿಗೆ ನುಗ್ಗಿದ ನೀರು ಸಂಜೆಯವರೆಗೂ ಪಚಪಚ ಅನ್ನುತ್ತಿತ್ತು. ಒಲೆಯ ಮೇಲೆ ನೇತುಹಾಕಿದರೆ ಚರ್ಮ ಸೆಟೆಯುತ್ತಿತ್ತೇ ಹೊರತು ಒಳಗಿನ ಒದ್ದೆ ಹೋಗುತ್ತಿರಲಿಲ್ಲ. ಬೆರಳ ಸಂದು ಬೆಳ್ಳಗಾಗಿ, ಬಿರಿದು, ನಾರತೊಡಗಿತು. ನಾಟಿ ಹಾಕುವವರಿಗೆ ಬರುವ ಕೆಸರುಹುಣ್ಣು, ಗದ್ದೆಗೇ ಇಳಿಯದ ನನಗೆ! ಆಸ್ಪತ್ರೆಯ ಬಿಳಿ ಪುಡಿ ಒದ್ದೆ ಕಾಲುಚೀಲದಲ್ಲಿ ಅಂಟಾಗಿ ಕೂತಿತು. ಬಲಗಾಲಲ್ಲಿ ಕಿಕ್ ಒದ್ದರೆ ಕಣ್ಣು ಕತ್ತಲಿಡುತ್ತಿತ್ತು. ನಾನು ಕುಂಟುವುದನ್ನು ಕಂಡ ಸಾಹುಕಾರರು, ಆಗದಿದ್ದರೆ ಹೇಳು, ನನ್ನ ಭಾಮೈದ ಗಾಡಿ ಕೇಳುತ್ತಿದ್ದಾನೆ ಎಂದರು. ಆಗುತ್ತದೆ ಎಂದೆ.

ನನ್ನ ಹೆಂಡತಿ ಚುಂಚನಕಟ್ಟೆ ಕಡೆಯ ಗದ್ದೆಯವರ ಮಗಳು. ನಾಟಿಯ ಹೆಂಗಸರು ಮಾಡುವ ಹಾಗೆ ಗೋರಂಟಿ ಸೊಪ್ಪು ಅರೆದು ಸಂದಿಗೆ ತುಂಬಲು ಬಂದಳು. ನಾನೇನು ಮದುವಣಗಿತ್ತಿಯೇ ಎಂದು ರೇಗಿದೆ.

"ಕಾಲು ಬೇಕೋ ಜಂಬ ಬೇಕೋ ಯೋಳಿ," ಎಂದಳು. "ಬೂಟೊಳ್ಗೆ ಯಾರ್ ನೋಡ್ತರೆ?"

ಮರುದಿನವೇ ನೋಡಿದರು. ಸರಗೂರಿನ ಹತ್ತಿರ ಒಬ್ಬ ರೈತನ ಸೊಪ್ಪು ನೋಡಬೇಕಿತ್ತು. ಸೊಪ್ಪು ಬೇಯಿಸುವ ಮನೆಗೆ ಪೂಜೆ ಮಾಡಿಯೇ ಬೆಂಕಿ ಹಾಕುತ್ತಾರೆ; ಅದರೊಳಗೆ ಯಾರೂ ಮೆಟ್ಟು ಹಾಕಿಕೊಂಡು ಹೋಗುವುದಿಲ್ಲ. ನಾಲ್ಕು ಎಲೆ ಹೊರಕ್ಕೇ ತಂದು ತೋರಿಸಿ ಎಂದೆ. ಅವನು ಮುಖ ಗಂಟಿಕ್ಕಿದ.

"ಒಳಕ್ಕೆ ಬರ್ದೆ ರೇಟ್ ಕಟ್ಟೋಕ್ ಬಂದ್ರಾ? ಅಂಗಾರೆ ಬೇರೆ ಸಾವ್ಕಾರ್ರು ಅವ್ರೆ, ಬುಡಿ."

ಬರಿಗೈಯಲ್ಲಿ ಹಿಂತಿರುಗಿದರೆ ಗಾಡಿ ಭಾಮೈದನದು. ಹಲ್ಲು ಕಚ್ಚಿ ಬೂಟು ಬಿಚ್ಚಿದೆ. ಗೋರಂಟಿ ಹತ್ತಿ ಪಾದ ಕೆಂಪಗೆ ಹೊಳೆಯುತ್ತಿತ್ತು. ಒಲೆಗೆ ಸೌದೆ ಒಡ್ಡುತ್ತಿದ್ದ ಅವನ ತಾಯಿ ನನ್ನ ಕಾಲನ್ನೂ ಮೀಸೆಯನ್ನೂ ನೋಡಿದಳು.

"ಮದ್ಲಿಂಗ ಬಂದವ್ನೆ ಕಣ್ಲಾ, ಆರತಿ ತರಾಕೇಳು."

ಕೆಲಸದವರೆಲ್ಲ ನಕ್ಕರು. ನಾನು ತಲೆ ಎತ್ತದೆ ಒಳಗೆ ಹೋಗಿ ಸೊಪ್ಪು ನೋಡಿದೆ. ಬಣ್ಣ ಚೆನ್ನಾಗಿತ್ತು.

ದಿನ ಕಳೆದಂತೆ ಸಂದು ಒಣಗಿತು. ಮಳೆಯಲ್ಲಿ ಮತ್ತೆ ಬೂಟು ಹಾಕಿದರೆ ಮತ್ತೆ ಅದೇ ಪಾಡು, ಗಾಳಿಯಾಡುವ ಎಕ್ಕಡವೇ ವಾಸಿ ಎಂದು ಸಾಹುಕಾರರಿಗೆ ಬಿಡಿಸಿ ಹೇಳಿದೆ. ಎಕ್ಕಡ ಮೆಟ್ಟಿದವನು ನನ್ನ ಗಾಡಿ ಹತ್ತಕೂಡದು ಎಂದರು. ಕಾಲಿನ ಮಾತು ಅವರ ಕಿವಿಗೇ ಬೀಳಲಿಲ್ಲ.

ಅಂದಿನಿಂದ ಬೂಟನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ಗಾಡಿಯ ಹಿಂದೆ ಕಟ್ಟಿ, ದಾರಿಯುದ್ದಕ್ಕೂ ಎಕ್ಕಡದಲ್ಲೇ ತಿರುಗಿದೆ. ಊರು ಹತ್ತಿರವಾದಾಗ ಸೇತುವೆಯ ಪಕ್ಕ ನಿಲ್ಲಿಸಿ, ಬೆರಳ ಸಂದುಗಳನ್ನು ಒಂದೊಂದಾಗಿ ಒರೆಸಿ, ಒಣ ಕಾಲುಚೀಲ ಎಳೆದು, ಬೂಟು ತೊಡುತ್ತಿದ್ದೆ. ದುಡಿದು ತಿನ್ನುವವನಿಗೆ ಈ ವೇಷ ಯಾಕೆಂದು ಮೈ ಉರಿಯುತ್ತಿತ್ತು. ಬಾಗಿಲಲ್ಲಿ ನಿಂತರೆ ಸಾಹುಕಾರರು ಮೊದಲು ಬೂಟು ನೋಡಿ, ಆಮೇಲೆ ಸೊಪ್ಪಿನ ವಿಷಯ ಕೇಳುತ್ತಿದ್ದರು.