ಹಂಚಿದ ಇಪ್ಪತ್ತೈದು ಪ್ರತಿಗಳು

ನಾನು ಬರೆದ ಮೊದಲ ಭೌತಶಾಸ್ತ್ರದ ಲೇಖನ ನಮ್ಮೂರು ಬೇಗೂರಿನ ಇಪ್ಪತ್ತು ಮನೆಗಳಲ್ಲಿ ಇತ್ತು. ಯಾವ ದೊಡ್ಡ ವಿಶ್ವವಿದ್ಯಾಲಯದ ಊರಿನಲ್ಲೂ ಒಂದೇ ಬೀದಿಯಲ್ಲಿ ಅಷ್ಟು ಪ್ರತಿ ಇದ್ದಿರಲಾರದು. ಇದನ್ನು ಮುಂದೆ ಜೊತೆಯವರಿಗೆ ಹೇಳಿ ನಗಿಸುತ್ತಿದ್ದೆ. ಪೂರ್ತಿ ಕತೆಯನ್ನು ಮಾತ್ರ ಹೇಳುತ್ತಿರಲಿಲ್ಲ.

ಐವತ್ತರ ದಶಕದ ಮಾತು. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಚಾಮರಾಜನಗರದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದೆ. ರೇಷ್ಮೆಗೂಡಿನ ವ್ಯಾಪಾರಿಯೊಬ್ಬರ ಮನೆಯ ಹಿಂದುಗಡೆ ಒಂದು ಕೋಣೆ. ಗೂಡಿನ ವಾಸನೆಗೆ ಮೊದಲ ವಾರ ಅನ್ನ ಸೇರಲಿಲ್ಲ, ಆಮೇಲೆ ವಾಸನೆ ಇದೆ ಅನ್ನುವುದೇ ಮರೆತುಹೋಯಿತು. ನನ್ನದು ಲೆಕ್ಕದ ಭೌತಶಾಸ್ತ್ರ. ಅದಕ್ಕೆ ಯಂತ್ರ ಬೇಡ, ಪ್ರಯೋಗಶಾಲೆ ಬೇಡ. ಪೆನ್ಸಿಲು, ಕಾಗದ, ಕೂರುವುದಕ್ಕೆ ಕುಂಡಿ ಇದ್ದರೆ ಸಾಕು. ಹುಡುಗರ ಹಳೇ ಉತ್ತರಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಒಂದೂವರೆ ವರ್ಷ ಲೆಕ್ಕ ಮಾಡಿದೆ. ಒಂದೇ ಜಾತಿಯ ಎರಡು ಕಣಗಳು ಹತ್ತಿರ ಬಂದು ಡಿಕ್ಕಿಯಾದರೆ ಎಷ್ಟು ಸಲ ಯಾವ ದಿಕ್ಕಿಗೆ ಚೆದುರುತ್ತವೆ ಅನ್ನುವುದೇ ಆ ಲೆಕ್ಕ. ಅದನ್ನು ಟೈಪ್ ಮಾಡಿಸಿ, ಗ್ರೀಕ್ ಅಕ್ಷರಗಳನ್ನು ಕೈಯಲ್ಲಿ ತುಂಬಿ, ದೂರದ ಊರಿನ ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದೆ. ತಗೊಂಡರು. ಆ ದಿನ ಕ್ಲಾಸಿನಲ್ಲಿ ಯಾರಿಗೂ ಬಯ್ಯಲಿಲ್ಲ. ಹುಡುಗರು ನನಗೆ ಜ್ವರ ಬಂದಿದೆ ಅಂದುಕೊಂಡರಂತೆ.

ಆ ಕಾಲದಲ್ಲಿ ಲೇಖನ ಅಚ್ಚಾದರೆ ಬರೆದವನಿಗೆ ಅದರ ಇಪ್ಪತ್ತೈದು ಬಿಡಿ ಪ್ರತಿಗಳನ್ನು ಪುಕ್ಕಟೆ ಕಳಿಸುತ್ತಿದ್ದರು. ಜೆರಾಕ್ಸ್ ಇಲ್ಲ, ಏನಿಲ್ಲ. ನಮ್ಮ ಥರದ ಕೆಲಸ ಮಾಡುವವರು ಎಲ್ಲೆಲ್ಲಿದ್ದಾರೋ ಅಲ್ಲಿಗೆ ಅಂಚೆಯಲ್ಲಿ ನಾವೇ ಕಳಿಸಬೇಕು. ಅವರು ಓದಿ, ತಮ್ಮ ಲೇಖನದ ಕೊನೆಯಲ್ಲಿ ಇಂಥವನ ಕೆಲಸ ನೋಡಿ ಅಂತ ಹೆಸರು ಹಾಕಿದರೆ ಅದು ಉಲ್ಲೇಖ. ನಮ್ಮ ಕಸುಬಿನಲ್ಲಿ ಮನುಷ್ಯನ ಬೆಲೆ ನಿಂತಿರುವುದು ಅದರ ಮೇಲೆ. ಈಗ ಕಂಪ್ಯೂಟರು ಎಣಿಸಿ ಹೇಳುತ್ತದೆ. ಆಗ ಯಾರಾದರೂ ಹೇಳಿದರೆ ಗೊತ್ತಾಗಬೇಕು, ಇಲ್ಲವೇ ನಾವೇ ಲೈಬ್ರರಿಯಲ್ಲಿ ಪುಟ ತಿರುವುತ್ತಾ ಕೂರಬೇಕು.

ಮೇಷ್ಟ್ರ ಕೆಲಸದಲ್ಲಿ ಯಾವಾಗ ವರ್ಗವಾಗುತ್ತದೋ ಅಂತ ಪತ್ರಿಕೆಗೆ ಬೇಗೂರಿನ ಮನೆ ವಿಳಾಸ ಕೊಟ್ಟಿದ್ದೆ. ಅದೇ ಎಡವಟ್ಟಾಯಿತು.

ಮದರಾಸಿನ ಕಡೆ ಒಬ್ಬ ದೊಡ್ಡ ಪ್ರೊಫೆಸರಿಗೆ, ನಿಮ್ಮ ಹತ್ತಿರ ಸಂಶೋಧನೆಗೆ ಸೇರಿಸಿಕೊಳ್ಳುತ್ತೀರಾ ಅಂತ ಬರೆದಿದ್ದೆ. ಉತ್ತರ ಬಂತು: ಜಾಗ ಒಂದೇ ಇದೆ, ತಿಂಗಳ ಕೊನೆಯೊಳಗೆ ಅರ್ಜಿಯ ಜೊತೆ ಅಚ್ಚಾದ ಲೇಖನದ ಮೂರು ಪ್ರತಿ ತಲುಪಬೇಕು. ಹನ್ನೆರಡು ದಿನ ಉಳಿದಿತ್ತು. ಆ ಜಾಗ ಸಿಕ್ಕರೆ ನಾನು ಭೌತಶಾಸ್ತ್ರದವನು. ಸಿಗದಿದ್ದರೆ ಸಾಯುವವರೆಗೂ ಒಂಬತ್ತನೇ ಕ್ಲಾಸಿಗೆ ಸನ್ನೆಕೋಲು ಪಾಠ ಮಾಡುತ್ತಿರಬೇಕು. ಶನಿವಾರ ಸ್ಕೂಲು ಬಿಟ್ಟವನೇ ಗುಂಡ್ಲುಪೇಟೆಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ.

ಅಪ್ಪ ಜಗಲಿಯ ಮೇಲೆ ಬಿತ್ತನೆ ಅರಿಶಿನ ಆರಿಸುತ್ತಾ ಕೂತಿದ್ದ. ನಮ್ಮದು ಅರಿಶಿನ ಬೆಳೆಯುವ, ಮಾರುವ ಮನೆ. ನನಗೇನಾದರೂ ಕಟ್ಟು ಬಂದಿದೆಯಾ ಅಂತ ಕೇಳಿದೆ.

"ಬಂತಲ್ಲ. ಹಂಚೂ ಆಯ್ತು" ಅಂದ.

ನನಗೆ ಅರ್ಥವಾಗಲಿಲ್ಲ.

"ಇಪ್ಪತ್ತೈದು ಇದ್ದೊ ಕಣಪ್ಪ, ಎಲ್ಲಾ ಒಂದೇ ತರ. ನಿನ್ನ ಹೆಸ್ರು ಅಚ್ಚಲ್ಲಿ ಅದ ಅಂತ ಪೋಸ್ಟ್ ಮೇಷ್ಟ್ರು ಓದಿ ಹೇಳುದ್ರು. ಹಂಚಕ್ಕಲ್ದೆ ಇನ್ಯಾತಕ್ಕ ಕಳ್ಸಾರು?"

ಲಗ್ನಪತ್ರಿಕೆ ಕೊಡುವ ಹಾಗೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಎಲೆಅಡಿಕೆಯ ಜೊತೆ ಕೊಟ್ಟುಬಂದಿದ್ದ. ಊರಿನಲ್ಲಿ ಇಪ್ಪತ್ತು ಮನೆಗೆ. ಉಮ್ಮತ್ತೂರಿನಲ್ಲಿ ನಮ್ಮ ಅತ್ತೆಗೂ ಅವಳ ಇಬ್ಬರು ಬೀಗರಿಗೂ ಮೂರು. ಗುಂಡ್ಲುಪೇಟೆಯಲ್ಲಿ ಅಪ್ಪನ ಹಳೇ ಸ್ನೇಹಿತರಾದ ಬಟ್ಟೆ ಹೊಲಿಯುವ ಸಾಬರಿಗೆ ಒಂದು. ಉಳಿದ ಒಂದು ದೇವರ ಗೂಡಿನಲ್ಲಿ. ಅದರ ಮೇಲೆ ಅವ್ವ ಕುಂಕುಮವನ್ನೂ ಇಟ್ಟಿದ್ದಳು.

ಹೋಗಿ ಮೂರು ಪ್ರತಿ ಈಸ್ಕೊಂಡು ಬರೋಣ ಅಂದೆ. ಅಪ್ಪ ಕೈಯಲ್ಲಿದ್ದ ಅರಿಶಿನದ ಕೊಂಬನ್ನು ಕೆಳಗಿಟ್ಟ.

"ಅದಾಗಲ್ಲ ಬುಡು. ಅರ್ಶಣ ಹಚ್ಚಿ ಕೊಟ್ಟದ್ದ ವಾಪಸ್ ಕೇಳುದ್ರ ಮದ್ವೆ ಮುರ್ದೋಯ್ತು ಅಂತಾರ. ಕೊಟ್ಟ ಹೆಣ್ಣು ಕುಲಕ್ಕ ಹೊರ್ಗು."

"ಇದು ಮದುವೆ ಅಲ್ಲ ಅಪ್ಪ, ನನ್ನ ಅನ್ನ."

"ನಿನ್ನ ಅನ್ನಕ್ಕ ಅಂತ ಜನರ ಮನೆ ಮುಂದ ನಿಂತ್ಕಂಡು, ಕೊಟ್ಟದ್ದ ಕೊಡ್ರಪ್ಪ ಅನ್ನನಾ? ನನ್ನ ಕೈಲಾಗಲ್ಲ. ನೀನೂ ಹೋಗಕೂಡ್ದು."

ನನಗೆ ರೇಗಿತು. ರೇಗಿದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ, ಈಗಲೂ ಅಷ್ಟೇ. ಅದರಲ್ಲಿ ಒಂದಕ್ಷರ ಓದಕ್ಕೆ ಬರದೆ ಇರೋನಿಗೆ ಹಂಚಕ್ಕೆ ಯಾರು ಹೇಳಿದ್ರು ಅಂತ ಕೇಳಿಬಿಟ್ಟೆ. ಅವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಅಪ್ಪ ಮತ್ತೆ ಅರಿಶಿನ ಆರಿಸಲು ಶುರುಮಾಡಿದ. ಅಂದು ಆಡಿದ ಆ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಭಾನುವಾರ ಬೆಳಿಗ್ಗೆ ದೇವರ ಗೂಡಿನ ಪ್ರತಿಯನ್ನು ಎತ್ತಿಕೊಂಡು ಕೈಯಲ್ಲೇ ನಕಲು ಮಾಡಲು ಕೂತೆ. ಒಂದು ಅಚ್ಚಿನದು, ಎರಡು ಕೈಬರಹದ್ದು ಕಳಿಸಿ ಪ್ರೊಫೆಸರಿಗೆ ಕೈ ಮುಗಿಯುವುದು ಅಂತ ಯೋಚನೆ. ಮೊದಲ ನಕಲು ಸಲೀಸಾಗಿ ಮುಗಿಯಿತು. ಎರಡನೆಯದರಲ್ಲಿ, ಮೂರನೇ ಪುಟಕ್ಕೆ ಬಂದಾಗ, ಕೈ ನಿಂತಿತು.

ಎರಡು ಕಣಗಳು ಅಚ್ಚು ಹಾಕಿದ ಹಾಗೆ ಒಂದೇ ಥರ ಇದ್ದರೆ, ಇದು ಅದರ ಜಾಗಕ್ಕೂ ಅದು ಇದರ ಜಾಗಕ್ಕೂ ಹೋದರೂ ಅದು ಬೇರೆ ಸ್ಥಿತಿಯಲ್ಲ, ಅದೇ ಸ್ಥಿತಿ. ಒಂದು ಸಲ ಎಣಿಸಬೇಕು. ನಾನು ಎರಡು ಸಲ ಎಣಿಸಿದ್ದೆ. ಕೊನೆಯಲ್ಲಿ ಬಂದ ಉತ್ತರ ಇರಬೇಕಾದ್ದಕ್ಕಿಂತ ಎರಡರಷ್ಟಾಗಿತ್ತು. ಒಂದೂವರೆ ವರ್ಷ ಕಣ್ಣಿಗೆ ಬೀಳದ್ದು, ಪತ್ರಿಕೆಯವರ ಕಣ್ಣಿಗೂ ಬೀಳದ್ದು, ನಮ್ಮ ಜಗಲಿಯ ಮೇಲೆ ನಕಲು ಹೊಡೆಯುವಾಗ ಬಿತ್ತು.

ಅಪ್ಪ ಹೊಲದಿಂದ ಬಂದವನು ನನ್ನ ಮುಖ ನೋಡಿ ಏನಾಯಿತು ಅಂದ. ಹಿಂದಿನ ದಿನದಿಂದ ನನ್ನ ಜೊತೆ ಆಡಿದ ಮೊದಲ ಮಾತು ಅದು. ಲೇಖನ ತಪ್ಪಾಗಿದೆ ಅಂದೆ.

"ಎಷ್ಟ್ ತಪ್ಪು?"

"ಒಂದು ಅನ್ನಬೇಕಾದ ಕಡೆ ಎರಡು ಅಂದಿದೀನಿ."

"ಹಂಗಾರ ಈಸ್ಕಬರ್ಬೇಕು" ಅಂದ.

ನಿನ್ನೆ ಆಗಲ್ಲ ಅಂದೆಯಲ್ಲ ಅಂತ ಕೇಳಿದೆ. ನಿನ್ನೆ ಅದು ಸರಿ ಇತ್ತಲ್ಲ ಅಂದ. ಅಪ್ಪ ಮಾರಿದ ಬಿತ್ತನೆ ಅರಿಶಿನದಲ್ಲಿ ಕೊಳೆ ಕಂಡರೆ, ಕೊಂಡವರಿಗೆ ಗೊತ್ತಾಗುವ ಮೊದಲೇ ತಾನೇ ಹೋಗಿ ಹೊತ್ತು ತರುತ್ತಿದ್ದ. ಇದೂ ಅವನಿಗೆ ಅದೇ ಬಾಬತ್ತು.

ನಾನು ಸೋಮವಾರ ಸ್ಕೂಲಿಗೆ ಹೋದೆ. ಅಪ್ಪ ಮನೆಮನೆಗೆ ಹೋದ. ಪ್ರತಿಯೊಂದು ಮನೆಯಲ್ಲೂ, ನನ್ನ ಮಗ ಬರೆದದ್ದರಲ್ಲಿ ತಪ್ಪಾಗಿದೆ, ಕೊಡಿ ಅಂತ ಬಾಯಿಬಿಟ್ಟು ಹೇಳಿದನಂತೆ. ಅವ್ವ ಆಮೇಲೆ ಹೇಳಿದಳು. ಯಾರೋ ಒಬ್ಬರು, ಮೇಷ್ಟ್ರೇ ತಪ್ಪು ಬರದ್ರ ಐಕ್ಳ ಗತಿ ಏನ್ಲಾ ಅಂತ ಅಪ್ಪನ ಎದುರಿಗೇ ನಕ್ಕರಂತೆ. ಗುಂಡ್ಲುಪೇಟೆಯ ಸಾಬರು ಮಾತ್ರ ಟೀ ತರಿಸಿ, "ಅಳತೆ ತಪ್ಪಿದ್ರೆ ಬಟ್ಟೆ ವಾಪಸ್ ತಗೊಳ್ಳೋದೇ ಮರ್ಯಾದೆ ಯಜಮಾನ್ರೆ" ಅಂದರಂತೆ.

ಗುರುವಾರ ಸಂಜೆ ಅಪ್ಪ ಉಮ್ಮತ್ತೂರಿನಿಂದ ನೇರ ಚಾಮರಾಜನಗರಕ್ಕೆ ಬಂದು, ಟವೆಲಿನಲ್ಲಿ ಕಟ್ಟಿದ ಗಂಟನ್ನು ನನ್ನ ಮೇಜಿನ ಮೇಲಿಟ್ಟ. ಇಪ್ಪತ್ತಮೂರು ಇದ್ದವು. ಒಂದನ್ನು ಅತ್ತೆಯ ಬೀಗರ ಮಗ ಪುಸ್ತಕಕ್ಕೆ ರಟ್ಟು ಹಾಕಿಬಿಟ್ಟಿದ್ದನಂತೆ.

"ತಿದ್ದಿ ಕಳ್ಸಪ್ಪ" ಅಂತ ಹೇಳಿ, ನೀರು ಕುಡಿದು, ಕೊನೆಯ ಬಸ್ಸಿಗೆ ಹೋದ.

ತಿದ್ದುವುದು ಸುಲಭವಿತ್ತು. ಮೂರನೇ ಪುಟದಲ್ಲಿ ಒಂದು ಅಂಕಿ, ಕೊನೇ ಪುಟದಲ್ಲಿ ಒಂದು ಅಂಕಿ, ಜೊತೆಗೆ ನಾಲ್ಕು ಸಾಲಿನ ಕಾಗದ. ಪೆನ್ನಿಗೆ ಇಂಕು ತುಂಬಿಸಿಕೊಂಡು ಕೂತೆ ಕೂಡ. ಆದರೆ ಮೊದಲ ಲೇಖನವೇ ತಪ್ಪು ಅಂತ ನಾನೇ ಬರೆದುಕೊಟ್ಟರೆ ಯಾವ ಪ್ರೊಫೆಸರು ತಗೊಳ್ಳುತ್ತಾನೆ ಅನ್ನಿಸಿತು. ಪತ್ರಿಕೆಯವರೇ ಕಂಡುಹಿಡಿಯಲಿಲ್ಲ, ಇವರು ಕಂಡುಹಿಡಿಯುತ್ತಾರಾ? ಮೊದಲು ಒಳಗೆ ಹೋಗೋಣ, ತಿದ್ದುವುದಿದ್ದೇ ಇದೆ. ಅರಿಶಿನ ಕಡಿಮೆ ಹತ್ತಿದ ಮೂರನ್ನು ಆರಿಸಿ, ಮೂಲೆಗಳನ್ನು ಬ್ಲೇಡಿನಲ್ಲಿ ಕೆರೆದು, ಒಂದಕ್ಷರ ತಿದ್ದದೆ ರಿಜಿಸ್ಟರ್ ಮಾಡಿ ಕಳಿಸಿದೆ.

ಮುಂದಿನ ಶನಿವಾರ ಊರಿಗೆ ಹೋದಾಗ ಅಪ್ಪ ಕೇಳಿದ್ದು ಒಂದೇ: "ತಿದ್ದಿ ಕಳ್ಸುದ್ಯಾ?"

ಹ್ಞೂ ಅಂದೆ.

ಜಾಗ ಸಿಕ್ಕಿತು. ಹೊಸ ಊರು, ಹೊಸ ಲೆಕ್ಕ, ಇವತ್ತು ನಾಳೆ ಅನ್ನುತ್ತಾ ಎರಡು ವರ್ಷ ಹೋಯಿತು. ಒಂದು ಮಧ್ಯಾಹ್ನ ಲೈಬ್ರರಿಯಲ್ಲಿ ಆಗ ತಾನೇ ಬಂದಿದ್ದ ವಿದೇಶದ ಪತ್ರಿಕೆ ತಿರುವುತ್ತಿದ್ದೆ. ಒಂದು ಲೇಖನದ ಕೊನೆಯ ಪಟ್ಟಿಯಲ್ಲಿ ನನ್ನ ಹೆಸರಿತ್ತು. ನನ್ನ ಜೀವನದ ಮೊದಲ ಉಲ್ಲೇಖ. ಕುಣಿಯುವಷ್ಟು ಖುಷಿಯಾಗಿ ಲೇಖನವನ್ನು ಮೊದಲಿನಿಂದ ಓದಿದೆ. ಬರೆದವನು ಪ್ರಯೋಗ ಮಾಡುವವನು. ನನ್ನ ಉತ್ತರವನ್ನು ಮುಂದಿಟ್ಟುಕೊಂಡು ಅಳೆದಿದ್ದ. ಅಳತೆ ಪ್ರತಿ ಸಲವೂ ಅರ್ಧ ಬಂದಿತ್ತು. ನನ್ನ ಲೆಕ್ಕ ಸರಿಯಿರಲೇಬೇಕು ಅಂದುಕೊಂಡು ದೋಷ ತನ್ನ ಯಂತ್ರದಲ್ಲಿದೆ ಅಂತ ಹುಡುಕಿದ್ದ. ಬಿಚ್ಚಿ ಮತ್ತೆ ಜೋಡಿಸಿ, ಒಂದು ವರ್ಷ ಅದರಲ್ಲೇ ಕಳೆದು, ಏನೂ ಸಿಗದೆ, ಸಿಗಲಿಲ್ಲ ಅಂತಲೇ ಬರೆದಿದ್ದ.

ಆ ವಾರವೇ ತಿದ್ದುಪಡಿ ಬರೆದು ಪತ್ರಿಕೆಗೆ ಕಳಿಸಿದೆ. ಅರ್ಧ ಪುಟವೂ ಇರಲಿಲ್ಲ. ತಪ್ಪು ಯಾವಾಗ ಗೊತ್ತಾಯಿತು ಅಂತ ಪ್ರೊಫೆಸರು ಕೇಳಿದರು. ಈಗ ಅಂದೆ. ಆಮೇಲೆ ನಾನು ಎಷ್ಟೋ ಲೇಖನ ಬರೆದೆ, ಹೆಸರೂ ಬಂತು. ಆದರೆ ಆ ಮೊದಲ ಲೇಖನದ ಹೆಸರು ಹಾಕುವವರು ಇವತ್ತಿಗೂ ತಿದ್ದುಪಡಿಯ ಹೆಸರು ಹಾಕುವುದು ಅಪರೂಪ.

ತಿದ್ದುಪಡಿ ಕಳಿಸಿದ ಮೇಲೆ ರಜಾ ಹಾಕಿ ಬೇಗೂರಿಗೆ ಹೋದೆ. ಅವತ್ತು ತಿದ್ದದೆ ಕಳಿಸಿದ್ದನ್ನು, ಹ್ಞೂ ಅಂದದ್ದನ್ನು, ಆ ಪ್ರಯೋಗದವನ ಒಂದು ವರ್ಷವನ್ನು, ಎಲ್ಲವನ್ನೂ ಅಪ್ಪನ ಮುಂದೆ ಹೇಳಿದೆ. ಬಯ್ಯಲಿ ಅಂತ ನಾನು ಕಾಯುತ್ತಿದ್ದೆ.

"ಯಾವೂರವ್ನು ಅಂವ?" ಅಂತ ಕೇಳಿದ.

ಸಮುದ್ರದ ಆಚೆ, ಹಡಗಿನಲ್ಲಿ ವಾರಗಟ್ಟಲೆ ದಾರಿ ಅಂದೆ.

"ಹಂಗಾರ ಹೋಗಿ ಈಸ್ಕಬರಕ್ಕಾಗಲ್ಲ" ಅಂದ.

ಆ ದಿನ ಅವನು ನನ್ನ ಜೊತೆ ಊಟಕ್ಕೆ ಕೂರಲಿಲ್ಲ.