ಗೋಡೆ ಹಾರಿದವಳ ತಂಗಿ

ಗುರುಮಠಕಲ್‌ನಿಂದ ಸುರಪುರಕ್ಕೆ ಗ್ರಂಥಪಾಲಕನಾಗಿ ನನಗೆ ವರ್ಗವಾದ ಕಾಲಕ್ಕೆ ಈ ಸೀಮೆಯಲ್ಲಿ ಕಾಲುವೆ ಹಳೆಯ ಸುದ್ದಿಯಾಗಿತ್ತು. ಜೋಳ, ತೊಗರಿಯ ಹೊಲಗಳಲ್ಲಿ ಭತ್ತದ ನಾಟಿ ನಡೆಯುತ್ತಿತ್ತು. ಗ್ರಂಥಾಲಯಕ್ಕೆ ಬರುವವರು ಮಾತ್ರ ಬೆಳಗಿನ ಪೇಪರ್ ಓದಿ, ದಿನಭವಿಷ್ಯ ನೋಡಿ, ಎದ್ದು ಹೋಗುವವರೇ. ಪುಸ್ತಕ ಮುಟ್ಟುವವರಿಲ್ಲ. ಮುಟ್ಟಿದ ನಾಲ್ಕು ಜನ ಹಾಳೆ ಮಡಚುತ್ತಿದ್ದರು, ನನ್ನಿಂದ ಬೈಸಿಕೊಳ್ಳುತ್ತಿದ್ದರು.

ಇದು ಸಾಕೆನಿಸಿ, ಭಾನುವಾರ ಕಾಲೇಜಿನ ಹುಡುಗ ಹುಡುಗಿಯರನ್ನು ಕೂಡಿಸಿ ಓದಿದ್ದರ ಬಗ್ಗೆ ಮಾತಾಡಿಸುವ ರೂಢಿ ಹಾಕಿದೆ. ಒಮ್ಮೆ ಅವರೇ ಆರಿಸಿದ್ದು ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಹರೆಯದವರಿಗೆಂದು ಬರೆದ ಒಂದು ಯಂಗ್ ಅಡಲ್ಟ್ ಕಾದಂಬರಿ. ಇಂಥದ್ದಕ್ಕೆ ಡಿಸ್ಟೋಪಿಯನ್ ರೊಮ್ಯಾನ್ಸ್ ಎನ್ನುತ್ತಾರೆ. ಅಂದರೆ ಮುಂದೊಂದು ದಿನ ಲೋಕ ಕೆಟ್ಟು ಕೆರ ಹಿಡಿದಾಗ ನಡೆಯುವ ಪ್ರೇಮಕಥೆ. ಸುತ್ತ ಗೋಡೆ ಕಟ್ಟಿದ ನಗರ. ಯಾವ ಹುಡುಗಿ ಯಾರನ್ನು ಮದುವೆಯಾಗಬೇಕೆಂದು ಸರ್ಕಾರವೇ ಗೊತ್ತುಮಾಡುತ್ತದೆ. ನಾಯಕಿ ಒಪ್ಪುವುದಿಲ್ಲ. ಅವಳ ಹಿಂದೆ ಇಬ್ಬರು ಹುಡುಗರು. ಕಡೆಗೆ ಒಬ್ಬನ ಜೊತೆ ಗೋಡೆ ಹಾರಿ ಹೋಗುತ್ತಾಳೆ. ನನಗೆ ಇಂಥವು ಅಷ್ಟಕ್ಕಷ್ಟೇ, ಆದರೆ ಅವರು ಓದುತ್ತಾರಲ್ಲ ಎಂದು ಸುಮ್ಮನಿದ್ದೆ.

ಆ ಭಾನುವಾರ ಗದ್ದಲವೋ ಗದ್ದಲ. ಇಬ್ಬರು ಹುಡುಗರಲ್ಲಿ ಯಾರು ಲಾಯಕ್ಕು ಎಂಬುದರ ಮೇಲೇ ಎಲ್ಲರ ಜಗಳ. ಹಿಂದಿನ ಬೆಂಚಿನಲ್ಲಿ ದೇವಾಪುರದ ಶರಣಮ್ಮ ಕೂತಿದ್ದಳು. ಬಿ.ಎ. ಕೊನೆಯ ವರ್ಷ, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು, ಮಾತು ಕಡಿಮೆ. ನೀನೂ ಏನಾದರೂ ಹೇಳವ್ವ ಎಂದೆ. ಎದ್ದು ನಿಂತಳು.

"ನನಗ ಈ ಕಾದಂಬರಿ ಸೇರಲಿಲ್ಲರಿ ಸರ್. ಈಕಿ ಗೋಡಿ ಹಾರಿ ಹೋದಳು. ಮರುದಿನ ಅದೇ ವರಕ್ಕ ಈಕಿ ತಂಗೀನ್ನ ಗೊತ್ತುಮಾಡಿದ್ರು ಅಂತ ಒಂದು ಸಾಲು ಅದ. ಆಮ್ಯಾಲ ಪುಸ್ತಕ ಮುಗಿಯೋತನಕ ಆ ತಂಗಿ ಸುದ್ದೀನೇ ಇಲ್ಲ. ಬರದವರು ಮರತಾರ. ಈಕೀನೂ ಮರತಾಳ. ನಮ್ಮಂಥವರು ಹೆಂಗ ಮರೀಬೇಕ್ರಿ?"

ಆ ಸಾಲು ನಮಗ್ಯಾರಿಗೂ ನೆನಪಿರಲಿಲ್ಲ. ನನಗೋ ಖುಷಿ ಹಿಡಿಸಲಾರದಷ್ಟು. ವಿಮರ್ಶೆ ಎಂದರೆ ಇದು ನೋಡ್ರಪ್ಪ ಎಂದು ಹೊಗಳಿ, ಎಲ್ಲರಿಂದ ಚಪ್ಪಾಳೆ ಹೊಡೆಸಿದೆ. ಶರಣಮ್ಮ ತಲೆ ತಗ್ಗಿಸಿ ಕೂತಳು. ನಾಚಿಕೆ ಇರಬೇಕು ಅಂದುಕೊಂಡೆ.

ಅಂದಿನಿಂದ ಅವಳನ್ನು ಎಂ.ಎ.ಗೆ ಕಲಬುರಗಿಗೆ ಕಳಿಸಲೇಬೇಕೆಂದು ನನಗೆ ಹಟ ಹತ್ತಿತು. ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಹಾಸ್ಟೆಲಿನ ವಿಚಾರವನ್ನೂ ನಾನೇ ತಿಳಿದುಕೊಂಡು ಬಂದೆ. ಎಷ್ಟು ಹೇಳಿದರೂ ನೋಡೋಣ್ರಿ ಎನ್ನುತ್ತಿದ್ದಳು. ಪ್ರವೇಶದ ದಿನಗಳು ಮುಗಿದುಹೋದವು, ಅವಳು ಬರಲಿಲ್ಲ. ಸೋದರಮಾವನ ಜೊತೆ ಅವಳ ಮದುವೆಯಾಯಿತೆಂದು ಅವಳ ಗೆಳತಿಯೊಬ್ಬಳು ಹೇಳಿದಳು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ಬುದ್ಧಿಯವಳು ಬಾಯಿಗೆ ಬೀಗ ಹಾಕಿಕೊಂಡು ಅಕ್ಷತೆ ಬೀಳಿಸಿಕೊಂಡಳಲ್ಲ ಎಂದು ತಿಂಗಳುಗಟ್ಟಲೆ ಸಿಟ್ಟಿನಲ್ಲಿದ್ದೆ.

ಮುಂದಿನ ವರ್ಷ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಎದುರಾದಳು. ಗುರುತು ಹಿಡಿದು ನಮಸ್ಕಾರ ಮಾಡಿ, ಬಸ್ಸಿಗೆ ಕಾಯುತ್ತಾ ಅವಳೇ ಎಲ್ಲ ಹೇಳಿದಳು. ತೊಟ್ಟಿಲಲ್ಲಿದ್ದಾಗಲೇ ಅವಳನ್ನು ತಾಯಿಯ ತಮ್ಮನಿಗೆ ಕೊಡುವುದೆಂದು ಮಾತಾಗಿತ್ತಂತೆ. ಮಾವನ ಹೊಲ ಒಣಭೂಮಿಯಾಗಿದ್ದಾಗ ಆ ಮಾತನ್ನು ಯಾರೂ ಅಷ್ಟಾಗಿ ಎತ್ತುತ್ತಿರಲಿಲ್ಲ. ಕಾಲುವೆ ನೀರು ಬಂದು ವರ್ಷಕ್ಕೆರಡು ಬೆಳೆಯಾದ ಮೇಲೆ ಅದು ಗಟ್ಟಿಯಾಯಿತು. ಅಕ್ಕ ಒಲ್ಲೆನೆಂದರೆ ತಂಗಿಯನ್ನು ಕೊಡುವುದು ಅವರ ಮನೆತನದ ರೂಢಿ. ತಂಗಿ ಆಗಿನ್ನೂ ಹೈಸ್ಕೂಲಿನಲ್ಲಿದ್ದಳು. ಮಾತು ಅವಳ ಮೇಲೆ ಬಿದ್ದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು. ಮಾವ ಒಳ್ಳೆಯವನೇ ಅದಾನ್ರಿ ಎಂದಳು. ತಂಗಿ ಈಗ ಯಾದಗಿರಿಯಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದಾಳೆಂದು ಹೇಳುವಾಗ ಮಾತ್ರ ಅವಳ ಮುಖ ಅರಳಿತು.

ಮದುವೆ ಗಟ್ಟಿಯಾಗುವ ಮೊದಲೇ ತಿಳಿದಿದ್ದರೆ ನಾನು ಅವಳ ತಂದೆಯ ಕಾಲು ಹಿಡಿದಾದರೂ ಮಾತಾಡುತ್ತಿದ್ದೆ. ಕಾಲೇಜಿನ ಮೇಷ್ಟ್ರುಗಳನ್ನು ಕರೆದೊಯ್ಯುತ್ತಿದ್ದೆ. ಅವರು ಕೇಳುತ್ತಿದ್ದರೋ ಇಲ್ಲವೋ, ಆ ಮಾತು ಬೇರೆ.

"ನನಗೊಂದು ಮಾತು ಹೇಳಬಾರದಾಗಿತ್ತೇನವ್ವ?" ಎಂದೆ.

"ಹೇಳಿದ್ನಲ್ರಿ ಸರ್," ಎಂದಳು, ಬೇಸರವೇನೂ ಇಲ್ಲದ ದನಿಯಲ್ಲಿ. "ಎಲ್ಲಾರೂ ಚಪ್ಪಾಳಿ ಹೊಡದ್ರಿ."

ಅಷ್ಟರಲ್ಲಿ ಅವಳ ಬಸ್ಸು ಬಂತು. ಅವಳು ಹತ್ತಿ ಹೋದಳು.

ಆಮೇಲೂ ನಿವೃತ್ತಿಯಾಗುವವರೆಗೆ ಭಾನುವಾರದ ಕೂಟ ನಡೆಸಿದೆ. ಯಾರಾದರೂ ಪುಸ್ತಕದ ಮೇಲೆ ಕಾರಣವಿಲ್ಲದೆ ಸಿಟ್ಟಾದರೆ, ಅವರನ್ನು ಹೊಗಳುವುದನ್ನು ಬಿಟ್ಟು, ಕೂಟ ಮುಗಿದ ಮೇಲೆ ಚಹಾಕ್ಕೆ ಕೂಡಿಸಿಕೊಂಡು, ಮನೆಯಲ್ಲಿ ಎಲ್ಲ ಹೇಗಿದ್ದಾರೆ ಎಂದು ಕೇಳುತ್ತಿದ್ದೆ. ಹೆಚ್ಚಿನವರು ಆರಾಮ ಅದಾರ್ರಿ ಎಂದು ಎದ್ದು ಹೋಗುತ್ತಿದ್ದರು. ಕೆಲವರು ಏಳುತ್ತಿರಲಿಲ್ಲ.