ಶೇಂಗಾ ಸುಲಿಯುವ ಸಾಲಿನಲ್ಲಿ ಫ್ರೆಂಚ್

ಬೇಸಿಗೆ ರಜೆಗೆ ಬಂದ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದು ತಪ್ಪೆಂದು ಯಾರಿಗೂ ಅನ್ನಿಸದಿದ್ದ ಕಾಲ ಅದು. ಚನ್ನಗಿರಿಯಿಂದ ಹೊರಟು ಜಗಳೂರು ಸೀಮೆಯ ಅಜ್ಜಿ ಊರಿನಲ್ಲಿ ಬಸ್ಸಿಳಿದರೆ, ಮರುದಿನವೇ ನನ್ನ ಮುಂದೆ ಒಂದು ಮೊರ, ಒಂದು ಗುಡ್ಡೆ ಶೇಂಗಾ ಬಂದು ಕೂರುತ್ತಿತ್ತು. ಮುಂಗಾರಿಗೆ ಬಿತ್ತುವ ಬೀಜ. ಮಿಷನ್ನಿಗೆ ಹಾಕಿದರೆ ಒಡೆಯುತ್ತದೆಂದು ಕೈಯಲ್ಲೇ ಸುಲಿಯಬೇಕು. ಬಿಸಿಲೇರುತ್ತಿದ್ದಂತೆ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸಾಲಾಗಿ ಕೂರುತ್ತಿದ್ದರು. ಒಣ ಸಿಪ್ಪೆಯ ಧೂಳಿನ ವಾಸನೆ, ಎಲೆಅಡಿಕೆಯ ವಾಸನೆ, ಒಳಗಿನಿಂದ ಮಜ್ಜಿಗೆಗೆ ಹಾಕಿದ ಒಗ್ಗರಣೆಯ ವಾಸನೆ. ಬಿತ್ತುವ ಬೀಜ ಬಾಯಿಗೆ ಹಾಕಿದರೆ ಅಜ್ಜಿಯ ಏಟು ಖಾಯಂ. ಮುದುಡಿದ ಕಾಳು ಮಾತ್ರ ನಮ್ಮ ಪಾಲಿಗೆ, ಒಂದು ಚೂರು ಬೆಲ್ಲದ ಜೊತೆ. ಆ ರುಚಿ ಇವತ್ತಿನ ಯಾವ ಚಿಕ್ಕಿಗೂ ಇಲ್ಲ ಬಿಡಿ.

ಆ ವರ್ಷ ಶಶಿ ಚಿಕ್ಕಮ್ಮನೂ ಅಲ್ಲಿದ್ದಳು. ಅಮ್ಮನ ತಂಗಿ, ಮೈಸೂರಿನಲ್ಲಿ ಫ್ರೆಂಚ್ ಎಂ.ಎ. ಓದುತ್ತಿದ್ದಳು. ಊರೆಲ್ಲ ಇಂಗ್ಲಿಷಿಗೇ ತಡವರಿಸುವಾಗ ಇವಳಿಗೆ ಫ್ರೆಂಚ್ ಹುಚ್ಚು ಎಲ್ಲಿಂದ ಹಿಡಿಯಿತೋ ಆ ದೇವರೇ ಬಲ್ಲ. ಬರೆಯುವುದರಲ್ಲಿ ಗಟ್ಟಿಗಿತ್ತಿ. ಬಾಯಿ ಪರೀಕ್ಷೆಯಲ್ಲಿ ಮಾತ್ರ, ಎದುರಿಗೆ ಮನುಷ್ಯರನ್ನು ಕಂಡರೆ ಗಂಟಲು ಕಟ್ಟಿಬಿಡುತ್ತಿತ್ತು. ಎರಡು ಸಲ ಫೇಲು. ಅಜ್ಜ ಕಡ್ಡಿ ಮುರಿದಂತೆ ಹೇಳಿದ್ದರು: “ಇದೊಂದು ಸಲ ನೋಡು. ಆಗ್ಲಿಲ್ಲ ಅಂದ್ರೆ ಮೈಸೂರು ಸಾಕು, ಮನೇಲಿರು.”

ಪಾಪ, ಅವಳು ಕೋಣೆಯ ಬಾಗಿಲು ಹಾಕಿಕೊಂಡು ದಿನವಿಡೀ ಒಂದೇ ಕ್ರಿಯಾಪದವನ್ನು ಪಿಸುಗುಟ್ಟುತ್ತಿದ್ದಳು. ಅಜ್ಜಿಗೆ ತಡೆಯಲಾಗಲಿಲ್ಲ. “ಅದೇನೇ ಒಳಗೇ ಗೊಣಗಾದು? ಇಲ್ಲಿ ಬಂದು ಕೂತ್ಕೊ. ಕೈನೂ ಆಡ್ಲಿ, ಬಾಯಿನೂ ಆಡ್ಲಿ” ಎಂದು ಎಳೆದು ತಂದು ಸಾಲಿನಲ್ಲಿ ಕೂರಿಸಿದಳು. ಪುಸ್ತಕ ನನ್ನ ತೊಡೆಯ ಮೇಲೆ. ಇಂಗ್ಲಿಷ್ ಅಕ್ಷರಗಳೇ ಆದ್ದರಿಂದ ನನಗೂ ಫ್ರೆಂಚ್ ಬರುತ್ತದೆ ಎಂಬ ಜಂಬ ಬೇರೆ.

ಸಾಲಿನ ತುದಿಯಲ್ಲಿ ಭೀಮಕ್ಕ ಕೂರುತ್ತಿದ್ದಳು. ಊರಿನ ಮದುವೆಗಳಲ್ಲೆಲ್ಲ ಸೋಬಾನೆ ಎತ್ತುವವಳು ಅವಳೇ. “ಅದೇನು ತಾಯಿ ಓದ್ತಿರಾದು? ನಮಗೂ ಒಂದಿಷ್ಟು ಹೇಳು” ಎಂದಳು.

“ಮುಗಿಸಾದು ಅನ್ನೋ ಮಾತು, ಭೀಮಕ್ಕ. ನಾನು ಮುಗಿಸಿದ್ದಿದ್ರೆ, ನೀನು ಮುಗಿಸಿದ್ದಿದ್ರೆ, ಅವನು ಮುಗಿಸಿದ್ದಿದ್ರೆ... ಹಿಂಗೆ ಎಲ್ಲಾ ಥರ ಹೇಳ್ಬೇಕು. ಈಗ ಆ ದೇಶದೋರೂ ಮಾತಾಡುವಾಗ ಇದನ್ನ ಬಳಸಲ್ಲ. ಹಳೇ ಪುಸ್ತಕದಾಗೆ ಐತೆ ಅಷ್ಟೆ.”

“ಅಯ್ಯೋ ನಿನ್ನ! ಅವರೇ ಬಿಟ್ಟಿದ್ದನ್ನ ನೀನ್ಯಾಕೆ ಹಿಡ್ಕೊಂಡಿದೀಯೇ?”

ಪಡಸಾಲೆಯೆಲ್ಲ ಗೊಳ್ಳೆಂದಿತು. ಆ ರಜೆಯಲ್ಲಿ ಚಿಕ್ಕಮ್ಮ ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆವಾಗಲೇ. “ಆಗ್ಲಿ, ಹೇಳು ನೋಡಾನ” ಎಂದಳು ಭೀಮಕ್ಕ.

“ಕ ಜ್ಯೂಸ್ ಫಿನಿ” ಎಂದಳು ಚಿಕ್ಕಮ್ಮ, ಸಣ್ಣ ದನಿಯಲ್ಲಿ.

ಸೋಬಾನೆಯಲ್ಲಿ ಒಬ್ಬರು ಒಂದು ಸಾಲು ಎತ್ತಿದರೆ ಉಳಿದವರು ಅದನ್ನು ತಿರುಗಿ ಹೇಳಲೇಬೇಕು. ಸುಮ್ಮನಿದ್ದರೆ ಎತ್ತಿದವರಿಗೆ ಅವಮಾನ. ಆ ರೂಢಿಗೆ ಭೀಮಕ್ಕ ಮೊರದಿಂದ ತಲೆಯೆತ್ತದೆ “ಕ ಜ್ಯೂಸ್ ಫಿನೀ...” ಎಂದು ಸೋಬಾನೆ ಧಾಟಿಯಲ್ಲಿ ಎಳೆದಳು. ಹಿಂದೆಯೇ ಇಡೀ ಸಾಲು ಎಳೆಯಿತು. ಚಿಕ್ಕಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು.

“ಮುಂದಿಂದು ಎತ್ತೇ ತಾಯಿ! ಹಾಡು ನಿಂತ್ರೆ ಕೈನೂ ನಿಲ್ತಾವೆ.”

“ಕ ತ್ಯು ಯೂಸ್ ಫಿನಿ.”

“ಕ ತ್ಯು ಯೂಸ್ ಫಿನೀ...”

ಎಲ್ಲ ಸಾಲಿನ ಕೊನೆಗೂ ಫಿನಿ ಬರುವುದರಿಂದ ಅವರಿಗೆ ಸಲೀಸಾಯಿತು. ದನಿ ಇಳಿಸಿದರೆ “ಕೇಳ್ಸಲ್ಲ, ಜೋರಾಗೆ!” ಎಂದು ಆ ತುದಿಯಿಂದ ಬೈಗುಳ. ಅಂಥ ಮಧ್ಯಾಹ್ನಗಳಲ್ಲಿ ಚಿಕ್ಕಮ್ಮನ ದನಿ ಮೊದಲು ಹೊಸಿಲು ದಾಟಿತು, ಆಮೇಲೆ ಓಣಿ ದಾಟಿತು. ಕುಂಟೆಬಿಲ್ಲೆ ಆಡುವ ಹುಡುಗಿಯರು ಬಿಲ್ಲೆ ಎಸೆದು “ಫಿನಿ!” ಎನ್ನತೊಡಗಿದರು. ಅಜ್ಜ ಮಾತ್ರ ಮುಖ ಗಂಟಿಕ್ಕಿಕೊಂಡೇ ಓಡಾಡುತ್ತಿದ್ದರು. ಅವರ ಮುಖ ಕಂಡಾಗಲೆಲ್ಲ ನನಗೆ ಒಂದೇ ಚಿಂತೆ. ಇವಳು ಈ ಸಲವೂ ಫೇಲಾದರೆ?

ಮೈಸೂರಿಗೆ ಹೋಗಿ ಪರೀಕ್ಷೆ ಮುಗಿಸಿ ಬಂದವಳು ಮಂಕಾಗಿ ಕೂತಳು. “ಹೆಂಗಾತೇ?” ಎಂದಳು ಅಜ್ಜಿ.

“ಆ ಮುಗಿಸಾದನ್ನೇ ಕೇಳಿದ್ರು. ಮೊದಲ್ನೇ ಸಾಲು ಹೇಳಿ ನಿಂತ್ಬಿಟ್ಟೆ ಕಣವ್ವ. ಅವರು ತಿರುಗಿ ಹೇಳ್ಲಿ ಅಂತ ಕಾಯ್ತಾ ಕೂತಿದೀನಿ! ರೂಮಲ್ಲಿ ಒಬ್ರೂ ಉಸಿರೆತ್ತಲಿಲ್ಲ.”

“ಕೆಟ್ಟೆಯಲ್ಲೇ! ಆಮೇಲೆ?”

“ಅಲ್ಲೊಬ್ರು ವಯಸ್ಸಾದ ಮೇಡಂ ಇದ್ರು. ಕನ್ನಡಕದ ಮೇಲಿಂದ ನೋಡಿದ್ರು. ಏನನ್ನಿಸ್ತೋ, ಮೆತ್ತಗೆ ಅದೇ ಸಾಲು ತಿರುಗಿ ಹೇಳಿದ್ರು. ಅಷ್ಟೇ ಸಾಕಾತು. ಮುಂದಿಂದೆಲ್ಲ ಗಡಗಡ ಹೇಳ್ದೆ. ಪಾಸು ಮಾಡ್ತಾರೋ ನಕ್ಕು ಕಳಿಸ್ತಾರೋ ಗೊತ್ತಿಲ್ಲ.”

ನಾನು ಚನ್ನಗಿರಿಗೆ ಹೊರಡುವ ಹಿಂದಿನ ದಿನ ಚಿಕ್ಕಮ್ಮನ ಮೈಸೂರಿನ ಗೆಳತಿಯ ಫೋನು ಬಂತು. ಎತ್ತಿದ್ದು ಅಜ್ಜ. ಪಡಸಾಲೆಗೆ ಬಂದು “ಪಾಸಂತೆ” ಎಂದರು. ಟವೆಲಿನಿಂದ ಮುಖ ಒರೆಸುತ್ತಾ ಅಲ್ಲೇ ನಿಂತರು. ಚಿಕ್ಕಮ್ಮ ಅಳಲು ಶುರು ಮಾಡಿದಳು. ಶಾಲೆಯ ಮೆಟ್ಟಿಲು ಹತ್ತದ ಭೀಮಕ್ಕ ಕೈಯ ಧೂಳನ್ನು ಸೆರಗಿಗೆ ಒರೆಸಿಕೊಂಡು, ತಮಾಷೆಯಲ್ಲ, ನಿಜವಾಗಿಯೇ ಕೇಳಿದಳು:

“ಹಂಗಾದ್ರೆ ನಾವೂ ಪಾಸಾದ್ವೇನೇ?”

“ಎಲ್ರೂ ಭೀಮಕ್ಕ, ಎಲ್ರೂ ಪಾಸು” ಎಂದು ಚಿಕ್ಕಮ್ಮ ಅವಳನ್ನು ತಬ್ಬಿಕೊಂಡಳು. ಆ ಸಂತೋಷ ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ.

ಭೀಮಕ್ಕ ಈಗಿಲ್ಲ. ಬಿತ್ತನೆ ಬೀಜ ಸುಲಿದೇ ಚೀಲದಲ್ಲಿ ಬರುತ್ತದೆ. ಚಿಕ್ಕಮ್ಮ ಕಾಲೇಜಿನಲ್ಲಿ ಫ್ರೆಂಚ್ ಕಲಿಸುತ್ತಾಳೆ. ಅವಳ ಮಾತು ಕೇಳಿ ನನ್ನ ಮಗಳೂ ಅದನ್ನೇ ಆರಿಸಿಕೊಂಡಿದ್ದಾಳೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಬಾಗಿಲು ಮುಚ್ಚಿ, ಮೊಬೈಲಿಗೆ ಪಾಠ ಒಪ್ಪಿಸುತ್ತಾಳೆ. ಅವಳು ಪಾಸಾದರೆ ಅವಳೊಬ್ಬಳೇ ಪಾಸಾಗುತ್ತಾಳಲ್ಲ ಎಂದು ನನಗೆ ಸಂಕಟ. ಬಾಗಿಲು ತೆಗೆದಿಟ್ಟು ಓದೇ, ನಮಗೂ ಒಂದಿಷ್ಟು ಕೇಳಲಿ ಎಂದು ದಿನಾ ಗೋಗರೆಯುತ್ತೇನೆ. ನಿನ್ನೆಯಿಂದ ಅರ್ಧ ತೆಗೆದಿಡುತ್ತಿದ್ದಾಳೆ.